ಪೆಟ್ಟಿಗೆ ತೆರೆಯದ ಗೆಳತಿ

ಮೋಪಾಸಾನ ‘ನೆಕ್ಲೇಸ್’ ಕಥೆ ಗೊತ್ತಿಲ್ಲದ ಓದುಗಿತ್ತಿಯರು ನಮ್ಮಲ್ಲಿ ಕಡಿಮೆ. 1884ರಲ್ಲಿ ಪ್ರಕಟವಾದ ಈ ಫ್ರೆಂಚ್ ಕಥೆಯನ್ನು ಶಾಲೆಯಲ್ಲೋ ಕಾಲೇಜಿನಲ್ಲೋ ಪಾಠವಾಗಿ ಓದಿದವರೇ ಹೆಚ್ಚು. ಪಾಠದ ಕೊನೆಯ ಪ್ರಶ್ನೆಗೆ ಗೈಡುಗಳ ಉತ್ತರವೂ ಒಂದೇ: ಹೆಣ್ಣಿನ ಆಡಂಬರದ ಆಸೆ ಅವಳ ಸಂಸಾರವನ್ನೇ ಕೆಡಿಸಿತು. ಈ ಉತ್ತರ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಶಿಕ್ಷಣ ಇಲಾಖೆಯ ಗುಮಾಸ್ತನ ಹೆಂಡತಿ ಮಥಿಲ್ಡ್ ಒಂದು ದೊಡ್ಡ ಸಮಾರಂಭಕ್ಕೆಂದು ಶ್ರೀಮಂತ ಗೆಳತಿ ಮೇಡಂ ಫೋರೆಸ್ಟಿಯೆಯಿಂದ ವಜ್ರದ ಹಾರವನ್ನು ಕಡ ತರುತ್ತಾಳೆ. ಅದು ಕಳೆದುಹೋಗುತ್ತದೆ. ಗಂಡ ಹೆಂಡತಿ 36,000 ಫ್ರಾಂಕಿಗೆ ಅಂಥದೇ ಹಾರ ಕೊಂಡು ಹಿಂತಿರುಗಿಸಿ, ಸಾಲ ತೀರಿಸಲು ಹತ್ತು ವರ್ಷ ಜೀವ ತೇಯುತ್ತಾರೆ. ಕಳೆದದ್ದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು ಎಂದು ಕೊನೆಗೆ ತಿಳಿಯುತ್ತದೆ.

ಎಲ್ಲರೂ ಮಥಿಲ್ಡಳನ್ನೇ ಬಯ್ಯುತ್ತಾರೆ. ಕೊಟ್ಟವಳನ್ನು ಯಾರೂ ಕೇಳುವುದಿಲ್ಲ. ಕೊಡುವಾಗ “ಇದು ಗಿಲೀಟಿನದು ಕಣೇ” ಎಂದು ಒಂದು ಮಾತು ಹೇಳಿದ್ದರೆ ಹತ್ತು ವರ್ಷದ ಮುಸುರೆ ತಿಕ್ಕುವುದು ತಪ್ಪುತ್ತಿತ್ತು. ಹೊಸ ಹಾರ ತಂದುಕೊಟ್ಟಾಗಲೂ ಆಕೆ ತಡವಾಯಿತೆಂದು ಸಿಡುಕುತ್ತಾಳೆಯೇ ಹೊರತು ಪೆಟ್ಟಿಗೆ ತೆರೆದು ನೋಡುವುದಿಲ್ಲ. ಮೋಪಾಸಾ ಒಂದೇ ವಾಕ್ಯದಲ್ಲಿ ದಾಟಿಸಿದ ಈ ಸಂಗತಿಯೇ ಕಥೆಯ ಜೀವಾಳ ಎಂದು ನನ್ನ ಎಣಿಕೆ.

ನಮ್ಮ ಮದುವೆಗಳಲ್ಲಿ ಈಗ ಆ ಹಾರದ ಜಾಗಕ್ಕೆ ವಾಚು ಬಂದಿದೆ. ಅಳಿಯನಿಗೆ ವಾಚು ಕೊಡುವುದು ಹಳೆಯ ರೂಢಿಯೇ. ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳು ತಯಾರಾಗತೊಡಗಿದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ ವರ್ಷ! ಗಡಿಯಾರ ಮನೆಮನೆಗೆ ತಲುಪಿತು, ಕಾಯ್ದೆ ತಲುಪಲಿಲ್ಲ. ಆ ಎಚ್‌ಎಂಟಿ ವಾಚಿನ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಈಗಿನ ವರನ ಕಣ್ಣು ರೋಲೆಕ್ಸ್, ಒಮೆಗಾಗಳ ಮೇಲೆ. ಅಸಲಿಗೆ ಲಕ್ಷಗಟ್ಟಲೆ ಬೆಲೆ. ‘ಫಸ್ಟ್ ಕಾಪಿ’ ಎಂಬ ಗೌರವದ ಹೆಸರಿನ ನಕಲಿ ಕೆಲವೇ ಸಾವಿರಕ್ಕೆ ಸಿಗುತ್ತದೆ.

ಸಮಯ ತೋರಿಸುವುದರಲ್ಲಿ ನಕಲಿ ವಾಚು ಸುಳ್ಳು ಹೇಳಬೇಕಾಗಿಲ್ಲ. ಅದರ ಸುಳ್ಳೆಲ್ಲ ಹೆಸರಿನಲ್ಲಿ. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಎಂದು ಜಿಗಿದರೆ ನಕಲಿ, ನಯವಾಗಿ ಜಾರಿದರೆ ಅಸಲಿ ಎಂಬ ಮಾತೊಂದಿದೆ. ಅದನ್ನು ನೆಚ್ಚುವಂತಿಲ್ಲ. ಮುಳ್ಳು ನಯವಾಗಿ ಜಾರುವ ನಕಲಿಗಳೂ ಬಂದಿವೆ. ಗುಟ್ಟು ರಟ್ಟಾಗುವುದು ರಿಪೇರಿಗೆ ಹೋದಾಗ. ಕಂಪನಿಯ ಸರ್ವಿಸ್ ಸೆಂಟರಿನವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಇದು ನಮ್ಮದಲ್ಲ ಎಂದು ವಾಪಸು ಕೊಡುತ್ತಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನಕಲಿ ಮಾರುವವನಿಗೆ ಜೈಲು ಶಿಕ್ಷೆಯುಂಟು. ಆದರೆ ಮನೆಯೊಳಗಿನ ಶಿಕ್ಷೆ ಯಾರಿಗೆ? “ನಿಮ್ಮಪ್ಪ ಕೊಟ್ಟ ವಾಚಿನ ಯೋಗ್ಯತೆ ಅಂಗಡಿಯಲ್ಲಿ ಗೊತ್ತಾಯಿತು ಬಿಡಮ್ಮ” ಎಂಬ ಮಾತು ಕೇಳುವವಳು ಸೊಸೆ. ಅವಳಪ್ಪ ತಿಳಿದೇ ಕೊಟ್ಟನೋ, ಅಸಲಿಯೆಂದು ನಂಬಿ ತಾನೇ ಮೋಸಹೋದನೋ, ಅದನ್ನು ವಿಚಾರಿಸುವ ತಾಳ್ಮೆ ಬೀಗರಿಗೆ ಇರುವುದಿಲ್ಲ. ಕೇಳಿ ಪಡೆದವರ ಆಸೆಯನ್ನಂತೂ ಯಾರೂ ಪ್ರಶ್ನಿಸುವುದೇ ಇಲ್ಲ. ಮಥಿಲ್ಡಳಾದರೋ ತನ್ನ ಆಸೆಗೆ ತಾನೇ ಬೆಲೆ ತೆತ್ತಳು. ಈ ಹುಡುಗಿ ತೆರುವುದು ಇನ್ನೊಬ್ಬರ ಆಸೆಗೆ.

ಮೋಪಾಸಾ ಇದನ್ನೇ ತಿರುಗಿಸಿ 1883ರಲ್ಲಿ ‘ಒಡವೆಗಳು’ ಎಂಬ ಕಥೆ ಬರೆದಿದ್ದ. ಅಲ್ಲಿ ಗಂಡ ಲಾಂತಾ ತೀರಿಹೋದ ಹೆಂಡತಿಯ ಗಿಲೀಟು ಒಡವೆ ಮಾರಲು ಹೋದರೆ ಅಂಗಡಿಯವನು ಹದಿನೆಂಟು ಸಾವಿರ ಕೊಡುತ್ತೇನೆನ್ನುತ್ತಾನೆ! ಅಸಲಿಯಾದದ್ದೇ ಅಲ್ಲಿ ಅವಮಾನ. ಯಾರು ಕೊಟ್ಟಿದ್ದಿರಬಹುದೆಂದು ಅವನಿಗೆ ಹೊಳೆಯುತ್ತದೆ. ಆದರೂ ಎಲ್ಲವನ್ನೂ ಮಾರಿ ಹಣ ಎಣಿಸಿಕೊಳ್ಳುತ್ತಾನೆ. ಇದು ಪಠ್ಯಪುಸ್ತಕಕ್ಕೆ ಬರುವ ಕಥೆಯಲ್ಲ, ಆದರೆ ಗಂಡಸರ ಬಗ್ಗೆ ಹೆಚ್ಚು ನಿಜ ಹೇಳುವ ಕಥೆ.

‘ನೆಕ್ಲೇಸ್’ ಬಗ್ಗೆ ನನ್ನದೊಂದು ತಕರಾರಿದೆ. ನಿಜ ಗೊತ್ತಾದ ಮೇಲೆ ಫೋರೆಸ್ಟಿಯೆ ಏನು ಮಾಡಿದಳೆಂದು ಮೋಪಾಸಾ ಹೇಳುವುದಿಲ್ಲ. ಒಂದು ಸಲ ತರಗತಿಯಲ್ಲಿ ಮಕ್ಕಳಿಗೇ ಆ ಭಾಗ ಬರೆಯಲು ಕೊಟ್ಟೆ. ಹಾರ ಮಾರಿ ಹಣ ಹಿಂದಕ್ಕೆ ಕೊಟ್ಟಳು ಎಂದೇ ಹೆಚ್ಚಿನವರು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, ಫೋರೆಸ್ಟಿಯೆ ಆ ಹಾರವನ್ನು ಅಷ್ಟರಲ್ಲಿ ಯಾರದೋ ಮದುವೆಗೆ ಉಡುಗೊರೆ ಕೊಟ್ಟುಬಿಟ್ಟಿದ್ದಳು, ನಕಲಿಯೆಂದೇ ತಿಳಿದು, ಎಂದು ಬರೆದಿದ್ದಳು.