ಹಾಡಿನಲ್ಲಿ ಉಳಿದ ಹಿಗ್ಗು: ಬೀದರಿನ ಮೆಥೋಡಿಸ್ಟ್ ಪರಂಪರೆ

ಬೀದರ್ ಸೀಮೆಯ ಮೆಥೋಡಿಸ್ಟ್ ಸಭೆಗಳಿಗೆ ಹಾಡಲು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಢೋಲಕ್, ತಾಳ ಹಿಡಿದು ಕೂತರೆ ಕನ್ನಡ ಹಾಡಿನ ಬೆನ್ನಿಗೇ ಮರಾಠಿ, ಅದರ ಬೆನ್ನಿಗೆ ತೆಲುಗು. ಹಾಡು ನಿಂತು ಪ್ರಸಂಗ ಶುರುವಾದಾಗ ಮಾತ್ರ ದೇವರ ಮುಖ ಬಿಗಿಯಾಗುತ್ತದೆ. ಅಲ್ಲಿತನಕ ಜನರ ನಡುವೆ ನಲಿಯುತ್ತಿದ್ದವನು ವಾರದ ಲೆಕ್ಕ ಕೇಳುವ ಸಾಹುಕಾರನಾಗುತ್ತಾನೆ. ಈ ಪರಂಪರೆಯ ಶಕ್ತಿ, ಕೊರತೆ ಎರಡೂ ಈ ತಿರುವಿನಲ್ಲೇ ಇವೆ ಎಂಬುದು ನನ್ನ ವಾದ.

ಬೈಬಲಿನ ಚೆಫನ್ಯನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ದೇವರು ತನ್ನ ಜನರನ್ನು ಕಂಡು ಹರ್ಷಿಸಿ ಹಾಡುತ್ತಾನೆ. ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಕಳೆದ ಕುರಿ ಸಿಕ್ಕಿದ್ದಕ್ಕೆ ಪರಲೋಕವೇ ಸಂಭ್ರಮಪಡುತ್ತದೆ. ಮಗ ಕ್ಷಮೆ ಕೇಳಿ ಮುಗಿಸುವ ಮೊದಲೇ ಅಪ್ಪ ಓಡಿ ಬಂದು ತಬ್ಬಿಕೊಂಡಿರುತ್ತಾನೆ. ಮೊದಲು ಹಿಗ್ಗುವವನು ದೇವರು. ಕ್ರೈಸ್ತನ ಸಂತೋಷ ಆಮೇಲಿನದು, ಆ ಹಿಗ್ಗಿನಲ್ಲಿ ಪಾಲು ಪಡೆದದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ನಿಜಾಮನ ರಾಜ್ಯದ ಈ ಭಾಗದಲ್ಲಿ ಈ ಸುವಾರ್ತೆ ಸಾರತೊಡಗಿದರು. ಅವರ ಮಾತು ಹೆಚ್ಚಾಗಿ ನಾಟಿದ್ದು ಊರ ಹೊರಗಿನ ಕೇರಿಗಳಲ್ಲಿ. ಯಾರ ನೆರಳೂ ಬೇಡವೆಂದು ಊರು ಸರಿದು ನಡೆಯುತ್ತಿತ್ತೋ, ಅವರನ್ನು ಕಂಡರೆ ದೇವರಿಗೆ ಖುಷಿ ಎಂಬ ಸುದ್ದಿ. ಅಕ್ಕಿ-ಗೋಧಿ ಆಸೆಗೆ ಜಾತಿ ಬಿಟ್ಟರು ಎಂದು ಇವತ್ತಿಗೂ ಹಗುರವಾಗಿ ಆಡುವವರು ಈ ಸುದ್ದಿಯ ತೂಕವನ್ನು ಒಮ್ಮೆ ಊಹಿಸಬೇಕು.

ಮುಂದೆ ನಡೆದದ್ದನ್ನು ಅರಿಯಲು ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಕಡೆ ನೋಡಬೇಕು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ದೇವರ ಕ್ಷಮೆಯ ಭರವಸೆಯಿಂದ ಅವನ ಎದೆ ಬೆಚ್ಚಗಾಯಿತು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕ್ಲಾಸ್ ಮೀಟಿಂಗ್ ಹುಟ್ಟಿತು: ಹನ್ನೆರಡು ಜನರ ಗುಂಪು, ಒಬ್ಬ ಮುಖಂಡ, ವಾರಕ್ಕೊಂದು ಪೆನ್ನಿ, ಜತೆಗೆ ನಡತೆಯ ವಿಚಾರಣೆ. ವೆಸ್ಲಿಯ ಮಟ್ಟಿಗೆ ಪಾವಿತ್ರ್ಯವೂ ಸಂತೋಷವೂ ಬೇರೆ ಬೇರೆಯಲ್ಲ. ಆದರೆ ಮಿಷನ್ನಿನ ಹಡಗಿನಲ್ಲಿ ಬಂದ ಸರಕಿನಲ್ಲಿ ವಿಚಾರಣೆಯೇ ಹೆಚ್ಚು. ಹೆಂಡ ಬಿಡು, ಬಾಲ್ಯವಿವಾಹ ಬಿಡು, ಮಕ್ಕಳನ್ನು ಶಾಲೆಗೆ ಕಳಿಸು. ಇದರಿಂದ ಒಳ್ಳೆಯದೇ ಆಯಿತು. ಬೀದರಿನ ನಾರ್ಮಾ ಫೆಂಡ್ರಿಕ್ ಶಾಲೆಯಂಥ ಸಂಸ್ಥೆಗಳು ಮಿಷನ್ನಿನ ಬಳುವಳಿ. ತಪ್ಪಿದ್ದು ಅನುಕ್ರಮದಲ್ಲಿ. ದೇವರ ಹಿಗ್ಗು ಮೊದಲು ಬಂದು ಬದುಕು ತಿದ್ದಬೇಕಿತ್ತು. ಬದಲಿಗೆ ಅದು ಬದುಕು ತಿದ್ದಿಕೊಂಡವನಿಗೆ ಸಿಗುವ ಬಹುಮಾನವಾಯಿತು.

ಹಾಡಿನಲ್ಲಿ ಮಾತ್ರ ಈ ಅನುಕ್ರಮ ಕೆಡಲಿಲ್ಲ. ಅದಕ್ಕೆ ಕಾರಣ ಈ ನೆಲ. ಕ್ರೈಸ್ತನಾದ ಮೇಲೂ ಮರಾಠಿ ಕವಿ ನಾರಾಯಣ ವಾಮನ ಟಿಳಕ್ ತುಕಾರಾಮನ ಅಭಂಗದ ದಾರಿ ಬಿಡಲಿಲ್ಲ. ಮರಾಠಿ ಕ್ರೈಸ್ತರ ಭಜನೆಗೆ ಆ ದಾರಿಯೇ ಜೀವ. ಗಡಿಯ ಬೀದರಿಗೆ ಆ ಗಾಳಿ ದೂರದ್ದಲ್ಲ. ಪ್ರತಿ ನವೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ಸೇರುವ ಮೆಥೋಡಿಸ್ಟರ ಕೂಟಕ್ಕೆ ಜನ ಇಟ್ಟ ಹೆಸರೇ ಜಾತ್ರೆ. ಬೇರೆ ಬೇರೆ ರಾಜ್ಯಗಳ ಭಕ್ತರು ಬರುತ್ತಾರೆ. ಪ್ರಸಂಗ ಕೇಳುವುದಕ್ಕಷ್ಟೇ ಯಾರೂ ಜಾತ್ರೆಗೆ ಹೋಗುವುದಿಲ್ಲ.

ಈ ಹಿಗ್ಗನ್ನು ಕನ್ನಡದಲ್ಲಿ ಚಿಂತನೆಯಾಗಿ ಬೆಳೆಸುವ ಅವಕಾಶವೂ ಇತ್ತು. ಬಾಸೆಲ್ ಮಿಷನ್ ಸಭೆಯ ಪಾದ್ರಿ ಉತ್ತಂಗಿ ಚನ್ನಪ್ಪ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು, ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೆಳಜಾತಿಯವನ ಕಾಯಕಕ್ಕೆ ದೇವರು ಮೆಚ್ಚುತ್ತಾನೆಂದು ಶರಣರು ಸಾರಿದ ಬಸವಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ. ಬೀದರಿನ ಪ್ರಸಂಗಪೀಠ ಅತ್ತ ತಿರುಗಿದ್ದು ಕಡಿಮೆ. 1947ರಲ್ಲಿ ಬೇರೆ ಬೇರೆ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅಮೆರಿಕನ್ ಮೆಥೋಡಿಸ್ಟರು ಹೊರಗುಳಿದದ್ದೂ ಇದಕ್ಕೊಂದು ಕಾರಣವಿರಬೇಕು. ಮಂಗಳೂರು, ಧಾರವಾಡದ ಕನ್ನಡ ಕ್ರೈಸ್ತ ಬರವಣಿಗೆ ಇಲ್ಲಿಗೆ ನೆಂಟರ ಮನೆಯದಾಯಿತು, ಸ್ವಂತದ್ದಾಗಲಿಲ್ಲ.

ಆ ಖಾಲಿ ಜಾಗಕ್ಕೆ ಈಗ ಮೈಕು, ಕೀಬೋರ್ಡಿನ ಉಜ್ಜೀವನ ಕೂಟಗಳು ಬಂದಿವೆ. ಅವು ಸಂತೋಷದ ಮಾತನ್ನೇ ಆಡುತ್ತವೆ, ಆದರೆ ಹೊಸದೊಂದು ಪರೀಕ್ಷೆಯಾಗಿ: ನಗುತ್ತಿಲ್ಲವಾದರೆ ನಂಬಿಕೆ ಸಾಲದು, ರೋಗ ವಾಸಿಯಾಗಲಿಲ್ಲವಾದರೆ ಇನ್ನೂ ಸಾಲದು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಭಾನುವಾರದ ಆರಾಧನೆಗೆ ಬಂದು ತೂಕಡಿಸುವವನು ಈ ಪರೀಕ್ಷೆಯಲ್ಲೂ ನಪಾಸು. ಹಳೆಯ ಶಿಸ್ತಿಗಿಂತ ಇದು ಕ್ರೂರ ಎಂದೇ ನನ್ನ ಅಭಿಪ್ರಾಯ. ಹೆಂಡ ಬಿಡುವುದಾದರೂ ಕೈಯಲ್ಲಿತ್ತು.

ಹಾಗೆಂದು ದೇವರ ಹಿಗ್ಗನ್ನು ಮನಸ್ಸಿನ ಸಮಾಧಾನಕ್ಕೆ ಮೊಟಕುಗೊಳಿಸುವುದೂ ಸಲ್ಲದು. 1950ರ ರಾಷ್ಟ್ರಪತಿ ಆದೇಶದಡಿ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಕರ್ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಹಿಂದುಳಿದ ವರ್ಗಗಳ ಪ್ರವರ್ಗ-1. ಹೆಸರು, ಜಾತಿ, ಧರ್ಮವನ್ನು ಕಾಗದಕ್ಕೊಂದು, ಮನೆಗೊಂದು ಎಂದು ಹಂಚಿಕೊಂಡು ಬದುಕುವ ಜನಕ್ಕೆ ದೇವರು ನಿನ್ನನ್ನು ಕಂಡು ಹರ್ಷಿಸುತ್ತಾನೆ ಎನ್ನುವುದು ಸಿಹಿಮಾತಲ್ಲ, ಘನತೆಯ ಹಕ್ಕುಪತ್ರ. ಅದನ್ನು ಓದಿ ಹೇಳುವ ಕೆಲಸ ಸಭಾಪಾಲಕರದು. ಈ ಡಿಸೆಂಬರಿನಲ್ಲಿ ಅವರು ಹೆಂಡದ ಪ್ರಸಂಗವನ್ನು ಒಂದು ವಾರ ಪಕ್ಕಕ್ಕಿಟ್ಟು ಚೆಫನ್ಯನ ಮೂರನೆಯ ಅಧ್ಯಾಯ ಕೈಗೆತ್ತಿಕೊಳ್ಳಲಿ.