ಕೂಡಿಟ್ಟ ಕಂಠ

ಒಪೆರಾ ಗಾಯಕಿ ಅಡೆಲಿನಾ ಪ್ಯಾಟಿಯದು ದೈವದತ್ತ ಕಂಠ ಎಂದು ಹೇಳಿ ಮಾತು ಮುಗಿಸುವವರು ಹೆಚ್ಚು. ನನಗದು ಅರ್ಧ ಮಾತು. ದೇವರು ಕೊಟ್ಟದ್ದನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಗಿಹಿಡಿಯಬೇಕು, ಎಷ್ಟಕ್ಕೆ ಮಾರಬೇಕು ಎಂಬುದನ್ನೆಲ್ಲ ಕಲಿಸಿದ್ದು ಮನೆ. ಆಕೆ ಹುಟ್ಟಿದ್ದು 1843ರಲ್ಲಿ, ಮ್ಯಾಡ್ರಿಡ್‌ನಲ್ಲಿ. ತಂದೆ ಸಾಲ್ವತೋರೆ ಪ್ಯಾಟಿ ಇಟಲಿಯ ಟೆನರ್; ತಾಯಿ ಕತೆರೀನಾ ಬರೀಲಿ ಸೊಪ್ರಾನೊ. ಅಕ್ಕಂದಿರಾದ ಅಮಾಲಿಯಾ, ಕಾರ್ಲೊಟ್ಟಾ ಗಾಯಕಿಯರು. ಪಾಠ ಹೇಳಿದವರಲ್ಲಿ ಒಬ್ಬ, ತಾಯಿಯ ಮೊದಲ ಮದುವೆಯ ಮಗ ಎತ್ತೋರೆ ಬರೀಲಿ.

ಸಂಸಾರ ನ್ಯೂಯಾರ್ಕಿಗೆ ಬಂದ ಮೇಲೆ ಹುಡುಗಿ ಎಂಟರ ಆಸುಪಾಸಿನಲ್ಲೇ ಕಛೇರಿಗೆ ನಿಂತಳು. ಹದಿನಾರಕ್ಕೆ, 1859ರಲ್ಲಿ, ಅಲ್ಲಿನ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಲುಚಿಯಾ ಪಾತ್ರ. 1861ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಬೆಲ್ಲೀನಿಯ ‘ಲಾ ಸೊನ್ನಾಂಬುಲಾ’ದ ಅಮೀನಾ. ಬೆನ್ನ ಹಿಂದೆ ಇದ್ದವನು ಭಾವ ಮಾರಿಸ್ ಸ್ಟ್ರಾಕೋಶ್. ಪಿಯಾನೊ ವಾದಕ, ಗುರು, ವ್ಯವಹಾರಸ್ಥ ಎಲ್ಲವೂ ಅವನೇ. ಸಂಯೋಜಕ ರೊಸ್ಸೀನಿಯೆದುರು ಅವನದೇ ಹಾಡನ್ನು ಪ್ಯಾಟಿ ವಿಪರೀತ ಅಲಂಕರಿಸಿ ಹಾಡಿದಾಗ, ಇದು ಯಾರ ರಚನೆ ಎಂದು ಮುದುಕ ಕೇಳಿದ ಕಥೆ ಪ್ರಸಿದ್ಧ. ಆ ಅಲಂಕಾರಗಳು ಭಾವನ ಕೈಕೆಲಸವೆಂದೇ ಹೇಳುತ್ತಾರೆ. ಆಮೇಲೆ ರೊಸ್ಸೀನಿಯ ಸಲಹೆ ಕೇಳಲು ಹೋದವಳೂ ಇವಳೇ.

ತಾಲೀಮಿಗೆ ಬರುವುದಿಲ್ಲ ಎಂಬ ಷರತ್ತು ಪ್ಯಾಟಿಯ ಕರಾರುಗಳಲ್ಲಿ ಇರುತ್ತಿತ್ತು. 1880ರ ದಶಕದ ಅಮೆರಿಕದಲ್ಲಿ ಒಂದು ರಾತ್ರಿಗೆ 5,000 ಡಾಲರ್, ಅದೂ ಪರದೆ ಏಳುವ ಮುಂಚೆ. ಇದನ್ನು ದುರಾಸೆ ಎಂದು ಬೈಯಲು ಮನಸ್ಸಾಗದು. ಕಂಠವನ್ನೇ ನಂಬಿದ ಮನೆಯಲ್ಲಿ ಬೆಳೆದವಳು ಅದನ್ನು ಬಿತ್ತನೆಯ ಬೀಜದಂತೆ ಕಾದಳು. ಆದರೆ ಒಪೆರಾ ಒಬ್ಬಳ ಹಾಡುಗಾರಿಕೆಯಲ್ಲ. ತಾಲೀಮಿಲ್ಲದ ರಾಣಿಯ ಜೊತೆ ರಂಗದಲ್ಲಿ ಹೊಂದಿಕೊಳ್ಳಬೇಕಾದವರು ಉಳಿದ ಗಾಯಕರು. ಹೊಸ ಸಂಗೀತದ ಕಡೆಗೂ ಇದೇ ಬಿಗಿಮುಷ್ಟಿ. 1876ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ವೆರ್ಡಿಯ ಐದಾ ಆದಳು, ನಿಜ. ವ್ಯಾಗ್ನರ್‌ನ ಒಪೆರಾಗಳನ್ನು ದೂರವೇ ಇಟ್ಟಳು. 1885ರಲ್ಲಿ ಬಿಜೆಯ ಕಾರ್ಮೆನ್ ಆಗಲು ಹೋಗಿ ಸೋತಳು. ಇನ್ನು ‘ವಿದಾಯ’ದ ಪ್ರವಾಸಗಳು: ಒಂದರ ಮೇಲೊಂದು ಬಂದು ನಗೆಪಾಟಲಾದವು.

ನನ್ನ ತಕರಾರು ಸಡಿಲಾಗುವುದು ಧ್ವನಿಮುದ್ರಿಕೆಗಳ ಮುಂದೆ. ವೇಲ್ಸ್‌ನ ಕ್ರೇಗ್-ಇ-ನೋಸ್ ಎಂಬ ತನ್ನ ಕೋಟೆಮನೆಗೇ ಆಕೆ ಗ್ರಾಮಫೋನ್ ಕಂಪನಿಯವರನ್ನು ಕರೆಸಿಕೊಂಡದ್ದು 1905ರ ಡಿಸೆಂಬರಿನಲ್ಲಿ, 1906ರಲ್ಲಿ ಮತ್ತೆ. ಹೋದವನು ಫ್ರೆಡ್ ಗೈಸ್‌ಬರ್ಗ್. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳನ್ನು ಮುದ್ರಿಸಿದವನೂ ಇವನೇ. ಗಾಯಕಿ ಮಲಕಾ ಜಾನಳ ಮಗಳಾದ ಆ ಗೌಹರ್ ಕಡೆಗಾಲವನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡಳು. ಇಬ್ಬರೂ ಹಾಡಿದ್ದು ಅದೇ ಬಗೆಯ ತಗಡಿನ ತುತ್ತೂರಿಗೆ. ಮೈಕಿಲ್ಲದ ಕಾಲ, ತಾರಸ್ವರ ಬಂದಾಗ ಗೈಸ್‌ಬರ್ಗ್ ಪ್ಯಾಟಿಯನ್ನು ಹಿಂದಕ್ಕೆ ಎಳೆಯುತ್ತಿದ್ದನಂತೆ, ಆಕೆಗೆ ಸಿಟ್ಟು ಬರುತ್ತಿತ್ತಂತೆ.

ಆಗ ಆಕೆಗೆ ಅರವತ್ತೆರಡು, ಅರವತ್ತಮೂರು. ದಮ್ಮು ಸಾಲದು, ಪದದ ನಡುವೆಯೇ ಉಸಿರು ತೆಗೆಯುತ್ತಾಳೆ; ಮೇಲಿನ ಸ್ವರಗಳು ಸವೆದಿವೆ. ‘ಕಾಸ್ತಾ ದೀವಾ’ ಕೇಳಲು ಕಷ್ಟ. ಮೊಜಾರ್ಟನ ‘ವೋಯ್ ಕೆ ಸಪೇತೆ’ಯಲ್ಲಿ ಲಯವನ್ನು ಎಳೆದಾಡುವ ರೀತಿಗೆ ಇಂದಿನ ಯಾವ ಕಂಡಕ್ಟರನೂ ಒಪ್ಪಲಾರ. ಆದರೆ ಎರಡು ಸ್ವರಗಳ ನಡುವೆ ವೇಗವಾಗಿ ಓಲಾಡುವ ಆ ಟ್ರಿಲ್ ನೋಡಿ, ಎರಡೂ ಬಿಡಿಬಿಡಿಯಾಗಿ ಕೇಳುತ್ತವೆ. ಅಮೀನಾಳ ಕೊನೆಯ ವಿಷಾದಗೀತೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಬೆಲ್ಲೀನಿಯ ಸಾಲು ಬರೆದಿಟ್ಟದ್ದೆನಿಸದೆ ಆಗಷ್ಟೇ ಹುಟ್ಟಿದಂತಿರುತ್ತದೆ. ಅಪ್ಪ ಅಮ್ಮನ ಕಾಲದ, ಸ್ವರಲಿಪಿಯಲ್ಲಿ ಹಿಡಿಯಲಾಗದ ಹಾಡುಗಾರಿಕೆ ಇಲ್ಲಿ ಕಿವಿಗೆ ಸಿಗುತ್ತದೆ. ಕಂಠವನ್ನು ಉಳಿಸಿಕೊಂಡಿರದಿದ್ದರೆ ಆ ವಯಸ್ಸಿಗೆ ಇದು ಎಲ್ಲಿರುತ್ತಿತ್ತು?

ಇನ್ನೊಂದು ತಟ್ಟೆ ಇರಾದಿಯೇರ್‌ನ ಸ್ಪ್ಯಾನಿಷ್ ಹಾಡು ‘ಲಾ ಕಲೆಸೇರಾ’. ಇದರಲ್ಲಿ ಜಿಪುಣತನದ ಸುಳಿವೇ ಇಲ್ಲ. ಉತ್ಸಾಹ ಉಕ್ಕಿ ಕೇಕೆಯನ್ನೂ ಹಾಕುತ್ತಾಳೆ. ಕಾರ್ಮೆನ್‌ಳ ಪ್ರಸಿದ್ಧ ಹಾಬನೇರಾಕ್ಕೆ ಬಿಜೆ ಧಾಟಿಯನ್ನು ಎತ್ತಿಕೊಂಡದ್ದು ಇದೇ ಇರಾದಿಯೇರ್‌ನಿಂದ. ಇಷ್ಟು ಹುರುಪು ಎದೆಯಲ್ಲಿದ್ದವಳು 1885ರಲ್ಲಿ ಅದನ್ನು ಯಾಕೆ ಹೊರಗೆ ಬಿಡಲಿಲ್ಲವೋ!