ಎಣ್ಣೆ ಮಾರುವವರು ಕಂಡ ನಗರ

ಕನ್ನಡದಲ್ಲಿ ವಿದೇಶ ಪ್ರವಾಸ ಕಥನಗಳಿಗೆ ಬರವೇನಿಲ್ಲ. ವಿ.ಕೃ. ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ದಿಂದ ಹಿಡಿದು ಇಂದಿನವರೆಗೆ ಒಂದು ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಎ.ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ'ಯನ್ನು ಈಗಲೂ ಖುಷಿಯಿಂದ ಓದಬಹುದು. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಎಪ್ಪತ್ತರ ಆಚೀಚೆಯ ಆ ಹಿರಿಯರು ಪರದೇಶವನ್ನು ಬೆರಗಿನಿಂದ ನೋಡಿದರು. ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುವಷ್ಟು ದೊಡ್ಡ ಮನಸ್ಸೂ ಅವರಿಗಿತ್ತು. ಅವರ ಬಗ್ಗೆ ನಮ್ಮ ತಕರಾರಿಲ್ಲ.

ತಕರಾರಿರುವುದು ಅವರ ನಂತರ ಬೆಳೆದ ಒಂದು ಜಾತಿಯ ಬರಹದ ಬಗ್ಗೆ. ಅಧ್ಯಯನ ಪ್ರವಾಸ, ಸಮ್ಮೇಳನ, ತರಬೇತಿ ಎಂದು ಸಹೋದ್ಯೋಗಿಗಳು ಗುಂಪಾಗಿ ಹೋಗಿಬರುತ್ತಾರೆ. ಬಂದ ಮೇಲೆ ಒಬ್ಬೊಬ್ಬರೂ ಅನಿಸಿಕೆ ಬರೆಯುತ್ತಾರೆ ಅಥವಾ ಹೇಳುತ್ತಾರೆ. ರಸ್ತೆಯಲ್ಲಿ ಕಸವಿಲ್ಲ, ಯಾರೂ ಹಾರ್ನ್ ಹೊಡೆಯುವುದಿಲ್ಲ, ಸಮಯಕ್ಕೆ ಸರಿಯಾಗಿ ರೈಲು ಬರುತ್ತದೆ, ಸಸ್ಯಾಹಾರ ಸಿಗುವುದು ಕಷ್ಟ. ಹತ್ತು ಮಂದಿ ಬರೆದರೂ ಬರಹ ಒಂದೇ. ಇದಕ್ಕೆ ಅವರ ಭಾಷೆಯ ಬಡತನ ಕಾರಣವಲ್ಲ. ವಿಮಾನ ನಿಲ್ದಾಣ, ಹೋಟೆಲು, ಸಭಾಂಗಣ, ಒಂದು ಮಾಲ್, ಮತ್ತೆ ವಿಮಾನ ನಿಲ್ದಾಣ - ಈ ದಾರಿಯಲ್ಲಿ ಸಿಗುವುದೇ ಅಷ್ಟು. ಆ ಕಸವನ್ನು ಮುಂಜಾನೆ ಗುಡಿಸಿದವನು ಯಾವ ದೇಶದವನು ಎಂದು ಕೇಳುವ ಪ್ರಸಂಗ ಅವರಿಗೆ ಬರುವುದೇ ಇಲ್ಲ.

ಹಾಗಾದರೆ ಪರದೇಶದ ನಗರವೊಂದನ್ನು ದುಡಿಮೆಯ ಮೂಲಕವೇ ಕಂಡ ಕನ್ನಡ ನಾಡಿನ ಜನ ಯಾರೂ ಇಲ್ಲವೇ? ಇದ್ದಾರೆ. ಬಹಳ ದೂರವೂ ಇಲ್ಲ. ನಾವಿರುವ ತ್ಯಾವಣಿಗೆ ಭದ್ರಾ ನಾಲೆಯ ಊರು. ಇಲ್ಲಿ ಮಾತೆಂದರೆ ಭತ್ತದ ಮಾತು, ಅಡಿಕೆ ಧಾರಣೆಯ ಮಾತು. ಇದೇ ಚನ್ನಗಿರಿ ತಾಲೂಕಿನ ಗೋಪನಾಳ, ಅಸ್ತಾಪನಹಳ್ಳಿಗಳಲ್ಲಿ ಹಕ್ಕಿಪಿಕ್ಕಿ ಸಮುದಾಯದವರಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಇವರ ಮನೆಮಾತು ವಾಗ್ರಿಬೂಲಿ, ಗುಜರಾತಿಗೆ ಹತ್ತಿರದ ಭಾಷೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಇವರ ಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕಸುಬನ್ನು ಅಪರಾಧವನ್ನಾಗಿ ಮಾಡಿತು. ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತಾ ಊರೂರು ತಿರುಗಿದವರು ಕೊನೆಗೆ ಆಫ್ರಿಕಾದ ದೇಶಗಳನ್ನೂ ತಲುಪಿದರು. ಗಂಡ, ಹೆಂಡತಿ, ಅಣ್ಣ, ತಮ್ಮ, ಭಾವ ಒಟ್ಟಿಗೆ ಹೋಗುತ್ತಾರೆ. ಇವರ ಮಟ್ಟಿಗೆ ಸಹೋದ್ಯೋಗಿ ಎಂದರೆ ನೆಂಟನೇ. (ಎಣ್ಣೆಯ ಗುಣದ ಬಗ್ಗೆ ವೈದ್ಯರು ಏನನ್ನುತ್ತಾರೋ ಅದು ಬೇರೆ ಚರ್ಚೆ.)

ನಾಡಿಗೆ ಇವರ ವಿದೇಶ ಪ್ರಯಾಣ ಗೊತ್ತಾದದ್ದು 2023ರ ಏಪ್ರಿಲ್‌ನಲ್ಲಿ. ಆ ತಿಂಗಳ 15ರಂದು ಸುಡಾನಿನ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾಯಿತು. ಖಾರ್ಟೂಮ್‌ನಲ್ಲೂ ಪಶ್ಚಿಮದ ದಾರ್ಫುರ್ ಪ್ರಾಂತದ ಅಲ್ ಫಾಶರ್‌ನಲ್ಲೂ ಇವರು ಬಾಡಿಗೆ ಮನೆಗಳಲ್ಲಿ ಸಿಕ್ಕಿಬಿದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ 31 ಮಂದಿಯ ಬಗ್ಗೆ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಅದರಲ್ಲಿ ರಾಜಕೀಯ ಕಂಡು ಕೋಪಿಸಿಕೊಂಡರು. ವಿಧಾನಸಭಾ ಚುನಾವಣೆ ಮೇ 10ಕ್ಕಿತ್ತು. 'ಆಪರೇಷನ್ ಕಾವೇರಿ'ಯ ಮೂಲಕ 3,800ಕ್ಕೂ ಹೆಚ್ಚು ಭಾರತೀಯರನ್ನು ಸುಡಾನಿನಿಂದ ಕರೆತರಲಾಯಿತು. ಅವರಲ್ಲಿ ಹೆಚ್ಚಿನವರು ಪೋರ್ಟ್ ಸುಡಾನಿನಿಂದ ಜಿದ್ದಾಕ್ಕೆ, ಅಲ್ಲಿಂದ ವಿಮಾನದಲ್ಲಿ ಭಾರತಕ್ಕೆ ಬಂದರು. ಇದು ಮೆಚ್ಚಬೇಕಾದ ಕೆಲಸವೇ.

ಆದರೆ ಆ ದಿನಗಳ ವರದಿಗಳನ್ನು ಇವತ್ತು ಮತ್ತೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಷ್ಟು ದಿನದಿಂದ ಊಟವಿಲ್ಲ? ಗುಂಡಿನ ಸದ್ದು ಎಷ್ಟು ಹತ್ತಿರ? ಸರ್ಕಾರಕ್ಕೆ ಏನು ಮನವಿ? ನಾವು ಓದಿದ ವರದಿಗಳ ಪ್ರಶ್ನೆಗಳೆಲ್ಲ ಇವೇ. ಜೀವ ಉಳಿಯಬೇಕಾದ ಹೊತ್ತಿಗೆ ಇವು ಸರಿಯಾದ ಪ್ರಶ್ನೆಗಳು. ಅವರು ಊರಿಗೆ ಮರಳಿದ ಮೇಲಾದರೂ, ಆ ನಗರ ಹೇಗಿತ್ತು ಎಂಬ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಚುನಾವಣೆ ಮುಗಿಯಿತು, ಸುದ್ದಿಯೂ ಮುಗಿಯಿತು. ಆ ಬಳಿಕ ಗ್ಯಾಬೊನ್ ದೇಶದಿಂದಲೂ ಇದೇ ಸಮುದಾಯದವರು ಸಿಲುಕಿದ ಸುದ್ದಿ ಬಂತು. ಅಲ್ಲೂ ಇವರು 'ಸಂತ್ರಸ್ತರು' ಮಾತ್ರ. ಸಾಹಿತಿ ವಿದೇಶಕ್ಕೆ ಹೋದರೆ ಅನುಭವ, ಅಧಿಕಾರಿ ಹೋದರೆ ಅಧ್ಯಯನ, ಹಕ್ಕಿಪಿಕ್ಕಿ ಹೋದರೆ ಸಮಸ್ಯೆ!

ಬೀದಿಯಲ್ಲಿ ವ್ಯಾಪಾರ ಮಾಡುವವರು ಒಂದು ನಗರದಲ್ಲಿ ಏನೇನು ನೋಡಬಲ್ಲರು ಎಂದು ಸ್ವಲ್ಪ ಯೋಚಿಸೋಣ. ನೀಲ ನೈಲ್ ಮತ್ತು ಶ್ವೇತ ನೈಲ್ ನದಿಗಳು ಕೂಡುವ ಜಾಗ ಖಾರ್ಟೂಮ್ ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಎಣ್ಣೆ ಮಾರುವವರಿಗೆ ಮುಖ್ಯವಾದದ್ದು ಬೇರೆ. ಯಾವ ಓಣಿಯಲ್ಲಿ ಚಾಪೆ ಹಾಸಿದರೆ ಯಾರೂ ಎಬ್ಬಿಸುವುದಿಲ್ಲ? ಪೊಲೀಸನಿಗೆ ಹೇಗೆ ಸಲಾಂ ಹೇಳಬೇಕು? ಮಸೀದಿಯಿಂದ ಜನ ಹೊರಬರುವ ಹೊತ್ತು ಯಾವುದು? ರಮಝಾನಿನಲ್ಲಿ ವ್ಯಾಪಾರ ಹಗಲಿಗೋ ರಾತ್ರಿಗೋ? (ಯುದ್ಧ ಶುರುವಾದದ್ದೂ ರಮಝಾನ್ ತಿಂಗಳಲ್ಲೇ.) ಇನ್ನೊಬ್ಬರ ತಲೆಗೂದಲನ್ನು ಮುಟ್ಟಿ ಮಾರುವ ವ್ಯಾಪಾರವಿದು. ನಂಬಿಕೆಯಿಲ್ಲದೆ ಯಾರು ತಲೆ ಕೊಟ್ಟಾರು? ಮಾರುವವರಲ್ಲಿ ಹೆಂಗಸರೂ ಇದ್ದರೆ ಅವರಿಗೆ ಮನೆಯೊಳಗಿನ ನಗರವೂ ಕಂಡಿರಬೇಕು, ಗಂಡಸರಿಗೆ ಬೀದಿಯದ್ದು. ಒಂದೇ ಬಾಡಿಗೆ ಮನೆಯಲ್ಲಿ ಮಲಗುವ ಅತ್ತಿಗೆ, ಮೈದುನರ ಮಾತು ಒಂದಕ್ಕೊಂದು ಹೊಂದದಿರಬಹುದು. ಆ ಹೊಂದದಿರುವಿಕೆಯಲ್ಲೇ ನಗರವಿರುತ್ತದೆ. ಅಧ್ಯಯನ ಪ್ರವಾಸದ ಹತ್ತು ಬರಹಗಳಲ್ಲಿ ಸಿಗದೇ ಇರುವುದೂ ಇದೇ.

'ಓದು ಬರಹ ಇಲ್ಲದವರು ಪ್ರವಾಸ ಕಥನ ಬರೆಯುವುದುಂಟೆ' ಎಂದು ಕೆಲವರು ಕೇಳಬಹುದು. ಜಗತ್ತಿನ ಅತಿ ಪ್ರಸಿದ್ಧ ಪ್ರವಾಸ ಕಥನವೇ ಇದಕ್ಕೆ ಉತ್ತರ. ಇಬ್ನ್ ಬತೂತ ತನ್ನ 'ರಿಹ್ಲಾ'ವನ್ನು ತಾನಾಗಿ ಕೂತು ಬರೆದವನಲ್ಲ. ಊರಿಗೆ ಮರಳಿದ ಮೇಲೆ ಮೊರಾಕ್ಕೋದ ಸುಲ್ತಾನನ ಅಪ್ಪಣೆಯಂತೆ ಆತ ಹೇಳಿದ, ಇಬ್ನ್ ಜುಝಯ್ ಎಂಬ ಲಿಪಿಕಾರ ಬರೆದ. ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಇದ್ದವೆಂದು ಇವತ್ತು ನಾವು ಹೆಮ್ಮೆಯಿಂದ ಉದ್ಧರಿಸುವುದು ಹೀಗೆ ಹೇಳಿ ಬರೆಸಿದ ಪುಸ್ತಕದಿಂದಲೇ. ಅದೇ ಇಬ್ನ್ ಬತೂತ ಜಿದ್ದಾದಿಂದ ಹಡಗು ಹತ್ತಿ ಕೆಂಪು ಸಮುದ್ರ ದಾಟಿ ಸುಡಾನ್ ತೀರದ ಸುವಾಕಿನ್ ತಲುಪಿದ್ದ. ಆ ಹಳೆಯ ಬಂದರಿಗೆ ಬದಲಾಗಿ ಬ್ರಿಟಿಷರು ಕಟ್ಟಿಸಿದ್ದೇ ಪೋರ್ಟ್ ಸುಡಾನ್. ಸುಮಾರು 700 ವರ್ಷಗಳ ಬಳಿಕ ಅದೇ ಕಡಲನ್ನು ಕರ್ನಾಟಕದ ಹಕ್ಕಿಪಿಕ್ಕಿಗಳು ಎದುರು ದಿಕ್ಕಿನಲ್ಲಿ ದಾಟಿದರು. ಇಬ್ನ್ ಬತೂತನಿಗೆ ಸಿಕ್ಕ ಲಿಪಿಕಾರ ಮಾತ್ರ ಇವರಿಗೆ ಸಿಗಲಿಲ್ಲ. ಪಕ್ಕದ ಮಲಯಾಳಂನಲ್ಲಿ ಬೆನ್ಯಾಮಿನ್, ಕೊಲ್ಲಿಯಲ್ಲಿ ಕುರಿ ಕಾಯ್ದು ಬಂದ ಕೂಲಿಯೊಬ್ಬನ ಮಾತು ಕೇಳಿ 2008ರಲ್ಲಿ 'ಆಡುಜೀವಿತಂ' ಬರೆದರು. ನಮ್ಮ ಸಂತೇಬೆನ್ನೂರಿನ ಹೊಂಡದ ಪಕ್ಕದಲ್ಲಿ ಮುಸಾಫಿರ್‌ಖಾನೆ ಎಂಬ ಸೊಗಸಾದ ಕಟ್ಟಡವಿದೆ. ದಾರಿಹೋಕನಿಗಾಗಿ ಕಲ್ಲಿನ ಕಮಾನು ಕಟ್ಟಿದ ನಾಡಿದು. ಆತನ ಮಾತಿಗೆ ಕಿವಿಗೊಡುವ ಪುರುಸೊತ್ತು ಮಾತ್ರ ಈಗ ಇಲ್ಲ.

ಅವಸರವೂ ಇದೆ. ಅಲ್ ಫಾಶರ್ ದಾರ್ಫುರ್ ಸುಲ್ತಾನರ ರಾಜಧಾನಿಯಾಗಿತ್ತು. ಅಲ್ಲಿನ ಕೊನೆಯ ಸುಲ್ತಾನ ಅಲೀ ದೀನಾರ್ 1916ರಲ್ಲಿ ಬ್ರಿಟಿಷರೊಂದಿಗಿನ ಹೋರಾಟದಲ್ಲಿ ಹತನಾದ. 2024ರ ಮೇ ತಿಂಗಳಿಂದ ಆ ನಗರಕ್ಕೆ ಮುತ್ತಿಗೆ ಬಿತ್ತು. 2025ರ ಅಕ್ಟೋಬರ್ 26ರಂದು ಅರೆಸೇನಾ ಪಡೆ ಅದನ್ನು ವಶಪಡಿಸಿಕೊಂಡಿತು. ಆ ಬಳಿಕದ ಹತ್ಯೆಗಳ ವಿವರಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇವರು ಕೂತು ಎಣ್ಣೆ ಮಾರಿದ ಫಾಶರ್ ಈಗ ಹಾಗೆ ಉಳಿದಿಲ್ಲ. ಆ ಊರಿನ ಸಾದಾ ದಿನಗಳ ನೆನಪು ಅಲ್ಲಿಂದ ಓಡಿಹೋದ ನಿರಾಶ್ರಿತರ ಶಿಬಿರಗಳಲ್ಲಿರಬಹುದು. ಇನ್ನೊಂದಿಷ್ಟು ನಮ್ಮ ಚನ್ನಗಿರಿ ತಾಲೂಕಿನಲ್ಲಿದೆ, ಅದೂ ಲಿಪಿಯಿಲ್ಲದ ವಾಗ್ರಿಬೂಲಿಯಲ್ಲಿ.

ದಾವಣಗೆರೆಯಲ್ಲೂ ಶಂಕರಘಟ್ಟದಲ್ಲೂ ವಿಶ್ವವಿದ್ಯಾನಿಲಯಗಳಿವೆ. ಅಲ್ಲಿನ ಕನ್ನಡ ಎಂ.ಎ. ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮೊಬೈಲ್ ಹಿಡಿದು ಗೋಪನಾಳಕ್ಕೆ ಹೋಗಬಹುದು. ಯುದ್ಧದ ಬಗ್ಗೆ ಕೇಳುವುದನ್ನು ಕೊನೆಗಿಟ್ಟುಕೊಳ್ಳಲಿ. ಮೊದಲು ಕೇಳಬೇಕಾದದ್ದು ಫಾಶರ್‌ನಲ್ಲಿ ಸಂತೆ ಎಷ್ಟು ಹೊತ್ತಿಗೆ ಸೇರುತ್ತಿತ್ತು, ಬೀದಿಯಲ್ಲಿ ಚಹಾ ಮಾರುವ ಹೆಂಗಸು ಎಲ್ಲಿ ಕೂರುತ್ತಿದ್ದಳು, ಮನೆ ಬಾಡಿಗೆ ಎಷ್ಟಿತ್ತು, ಮೊದಲು ಕಲಿತ ಅರಬಿ ಮಾತು ಯಾವುದು ಎಂದು.